ಮೊದಲ ಕೆಲಸ ಕೊಡಿಸಿದ್ದು ಎರಡು ಪುಟದ ವರದಿ

ಸೈಬರ್ ಸೆಕ್ಯೂರಿಟಿ ಕೆಲಸದ ಜಾಹೀರಾತು ಓದಿದವರಿಗೆಲ್ಲ ಈ ಸಂಕಟ ಗೊತ್ತು. ಮೇಲೆ ‘ಫ್ರೆಶರ್‌ಗಳೂ ಅರ್ಜಿ ಹಾಕಬಹುದು’ ಅಂತ ಇರುತ್ತದೆ, ಕೆಳಗೆ ಬಂದರೆ ಎರಡು ವರ್ಷದ ಅನುಭವ ಕೇಳಿರುತ್ತಾರೆ. ಕೆಲವರಂತೂ ಸಿಐಎಸ್‌ಎಸ್‌ಪಿ ಇದ್ದವರಿಗೆ ಆದ್ಯತೆ ಎಂದು ಬರೆಯುತ್ತಾರೆ. ಆ ಸರ್ಟಿಫಿಕೇಟ್ ಪೂರ್ತಿಯಾಗಿ ಸಿಗಬೇಕಾದರೆ ಇದೇ ಕ್ಷೇತ್ರದಲ್ಲಿ ಐದು ವರ್ಷ ದುಡಿದಿರಬೇಕು, ತಕ್ಕ ಪದವಿ ಇದ್ದರೆ ನಾಲ್ಕು. ಮೊದಲ ಕೆಲಸ ಹುಡುಕುವವರ ಹತ್ತಿರ ಅದನ್ನು ಕೇಳುವುದು ಅನ್ಯಾಯ. ಇಂಥ ಸಾಲು ಬರೆಯುವವರು ಬಹಳ ಸಲ ಆ ತಂಡದಲ್ಲಿ ಕೆಲಸ ಮಾಡುವವರಲ್ಲ. ಹಾಗಾಗಿ ಅದನ್ನು ನೋಡಿ ಅರ್ಜಿ ಹಾಕದೆ ಸುಮ್ಮನೆ ಕೂರಬೇಡಿ.

ಕೊಡಗಿನಿಂದ ಹೊರಡುವವರಿಗೆ ಇದರ ಜೊತೆ ಇನ್ನೂ ಒಂದಿಷ್ಟು ಸೇರಿಕೊಳ್ಳುತ್ತದೆ. ಮಿಲಿಟರಿ, ಪೊಲೀಸ್, ಬ್ಯಾಂಕ್, ಟೀಚರ್ ಕೆಲಸಕ್ಕೆ ದಾರಿ ಹೇಳುವವರು ನಮ್ಮಲ್ಲಿ ಊರೂರಿಗೂ ಸಿಗುತ್ತಾರೆ. ಈ ಕೆಲಸಕ್ಕೆ ಸಿಗುವುದಿಲ್ಲ. ಜಿಲ್ಲೆಗೆ ರೈಲಿಲ್ಲ, ಬೆಂಗಳೂರಿನಲ್ಲಿ ಬೆಳಿಗ್ಗೆ ಇಂಟರ್‌ವ್ಯೂ ಎಂದರೆ ಹಿಂದಿನ ರಾತ್ರಿಯೇ ಬಸ್ ಹತ್ತಬೇಕು. ನನ್ನೂರು ಸೋಮವಾರಪೇಟೆ ಕಡೆ, ಓದಿದ್ದು ಬಿಸಿಎ. ಪರಿಚಯದವರು ಒಬ್ಬರೂ ಈ ಕ್ಷೇತ್ರದಲ್ಲಿರಲಿಲ್ಲ. ಅರ್ಜಿ ಹಾಕಿದ ಕಡೆಯಿಂದ ‘ಇಲ್ಲ’ ಎಂಬ ಉತ್ತರವೂ ಬರುತ್ತಿರಲಿಲ್ಲ. ಆ ಮೌನವೇ ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ.

ಬೆಂಗಳೂರಿನ ಒಂದು ತರಬೇತಿ ಸಂಸ್ಥೆ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂದು ಹೇಳಿ, ನಮ್ಮ ಮನೆಯ ಒಂದು ವರ್ಷದ ಕರಿಮೆಣಸಿನ ದುಡ್ಡಿಗಿಂತ ಹೆಚ್ಚು ಫೀಸು ಕೇಳಿತು. ಇನ್ನೊಬ್ಬರು ಎರಡು ವರ್ಷದ ಅನುಭವದ ಪತ್ರ ಮಾಡಿಸಿಕೊಡುತ್ತೇನೆ ಎಂದರು. ಎರಡನ್ನೂ ಬಿಟ್ಟೆ. ಅನುಭವ ಪತ್ರದ ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ: ಸೇರುವ ಮುಂಚೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ನಡೆಯುತ್ತದೆ. ಇನ್ನೊಬ್ಬರ ಗುಟ್ಟು ಕಾಯುವ ಕೆಲಸಕ್ಕೆ ಸುಳ್ಳು ಕಾಗದ ಹಿಡಿದು ಬಂದವರನ್ನು ಯಾರೂ ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಈ ಕ್ಷೇತ್ರ ಎಂದರೆ ಹ್ಯಾಕಿಂಗ್ ಎಂದುಕೊಂಡು ಬರುವವರೇ ಹೆಚ್ಚು. ಪೆಂಟೆಸ್ಟಿಂಗ್‌ಗೆ, ಅಂದರೆ ಒಪ್ಪಿಗೆ ಪಡೆದು ಕಂಪನಿಯ ವ್ಯವಸ್ಥೆಗೆ ನುಗ್ಗಿ ದೋಷ ಹುಡುಕುವ ಕೆಲಸಕ್ಕೆ, ಅರ್ಜಿ ಹಾಕುವವರು ಸಾಲುಗಟ್ಟಿ ನಿಂತಿರುತ್ತಾರೆ. ಹೊಸಬರಿಗೆ ಬಾಗಿಲು ಸ್ವಲ್ಪವಾದರೂ ತೆರೆದಿರುವುದು ಸಾಕ್‌ನಲ್ಲಿ, ಅಂದರೆ ಸೆಕ್ಯೂರಿಟಿ ಆಪರೇಷನ್ಸ್ ಸೆಂಟರ್‌ನಲ್ಲಿ. ಹಗಲು ರಾತ್ರಿ ಶಿಫ್ಟ್ ಇರುತ್ತದೆ. ಕಂಪನಿಯ ಕಂಪ್ಯೂಟರ್‌ಗಳಲ್ಲಿ ಅನುಮಾನದ ಚಟುವಟಿಕೆ ಕಂಡರೆ ಅಲರ್ಟ್ ಬರುತ್ತದೆ, ಅದು ನಿಜವೋ ಫಾಲ್ಸ್ ಪಾಸಿಟಿವ್ವೋ (ಸುಳ್ಳು ಎಚ್ಚರಿಕೆಯೋ) ನೋಡಬೇಕು, ನಿಜ ಅನಿಸಿದರೆ ಮೇಲಿನವರಿಗೆ ಎಸ್ಕಲೇಟ್ ಮಾಡಬೇಕು, ಮಾಡಿದ್ದನ್ನೆಲ್ಲ ಟಿಕೆಟ್‌ನಲ್ಲಿ ಬರೆಯಬೇಕು. ಇದಕ್ಕೂ ನೇರವಾಗಿ ಒಳಗೆ ಹೋಗುವುದು ಕಷ್ಟ ಎಂದು ಗೊತ್ತಾದ ಮೇಲೆ, ಕುಶಾಲನಗರದ ಹತ್ತಿರದ ಒಂದು ಕಾಫಿ ಸಂಸ್ಕರಣಾ ಘಟಕದಲ್ಲಿ ಕಂಪ್ಯೂಟರ್ ಸಪೋರ್ಟ್ ಕೆಲಸಕ್ಕೆ ಸೇರಿದೆ. ಪ್ರಿಂಟರ್ ಸರಿಪಡಿಸುವುದು, ಪಾಸ್‌ವರ್ಡ್ ಬದಲಿಸಿಕೊಡುವುದು, ಬ್ಯಾಕಪ್ ತೆಗೆಯುವುದು ದಿನದ ಕೆಲಸ. ಸಂಬಳ ಕಡಿಮೆ. ಆದರೆ ನಿಜವಾದ ಜನ ಬಳಸುವ ನಿಜವಾದ ನೆಟ್‌ವರ್ಕ್ ಕೈಗೆ ಸಿಕ್ಕಿತು, ಅದು ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ಊರಲ್ಲೇ ಇದ್ದು ಪ್ರಯತ್ನ ಮಾಡುವವರಿಗೆ ನಾನು ಮೊದಲು ಹೇಳುವ ದಾರಿ ಇದೇ.

ಅಲ್ಲಿ ಲೆಕ್ಕದ ಸಾಫ್ಟ್‌ವೇರ್ ಇದ್ದ ಒಂದು ವಿಂಡೋಸ್ ಕಂಪ್ಯೂಟರ್ ಇತ್ತು. ಡಿಸೆಂಬರ್ ಆಯಿತೆಂದರೆ ಕಾಫಿ ಬರುವ ಕಾಲ. ಗೇಟಿನಲ್ಲಿ ಲಾರಿ ನಿಂತಿರುವಾಗ ಆ ಕಂಪ್ಯೂಟರ್ ನಿಲ್ಲುವ ಹಾಗಿಲ್ಲ. ಕೆಟ್ಟರೆ ಹೊರಗಿನಿಂದಲೇ ಸರಿಪಡಿಸಲಿ ಎಂದು ಸಾಫ್ಟ್‌ವೇರ್‌ನವರಿಗಾಗಿ ರೌಟರ್‌ನಲ್ಲಿ 3389 ಪೋರ್ಟ್ ತೆರೆದಿಟ್ಟಿದ್ದರು. ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಬಳಸುವ ಪೋರ್ಟ್, ಅಂದರೆ ನೆಟ್‌ವರ್ಕಿನ ಬಾಗಿಲು, ಅದು. ಒಂದು ದಿನ ಕಂಪ್ಯೂಟರ್ ನಿಧಾನ ಆಗಿದೆ ಎಂದು ಕರೆದರು. ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದು, ಯಾರು ಯಾವಾಗ ಲಾಗಿನ್ ಆಗಲು ನೋಡಿದರು ಎಂದು ಬರೆದಿಡುವ ಸೆಕ್ಯೂರಿಟಿ ಲಾಗ್ ನೋಡಿದರೆ ಪುಟ ಪುಟವೂ 4625. ಲಾಗಿನ್ ವಿಫಲವಾದಾಗ ವಿಂಡೋಸ್ ಬರೆಯುವ ಸಂಖ್ಯೆ ಅದು. ಸೆಕೆಂಡು ಸೆಕೆಂಡಿಗೂ ಒಂದೊಂದು, ಬೇರೆ ಬೇರೆ ದೇಶಗಳ ಐಪಿಗಳಿಂದ, ಅಂದರೆ ಇಂಟರ್‌ನೆಟ್ ವಿಳಾಸಗಳಿಂದ.

ಒಂದೊಂದನ್ನೇ ಬಿಡಿಸಿ ನೋಡುತ್ತಾ ಹೋದೆ. ಪ್ರಯತ್ನಿಸಿದ ಹೆಸರುಗಳು ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್, ಸ್ಕ್ಯಾನರ್. ಪ್ರತಿ ದಾಖಲೆಯಲ್ಲೂ ಸಬ್ ಸ್ಟೇಟಸ್ ಎಂಬ ಕೋಡ್ ಇರುತ್ತದೆ. ಅದರ ಕೊನೆಯಲ್ಲಿ 64 ಇದ್ದರೆ ಆ ಹೆಸರಿನ ಖಾತೆಯೇ ಅಲ್ಲಿಲ್ಲ, 6ಎ ಇದ್ದರೆ ಖಾತೆ ಇದೆ, ಪಾಸ್‌ವರ್ಡ್ ಮಾತ್ರ ತಪ್ಪು. ಹೆಚ್ಚಿನವು 64, ಆದರೆ ಅಡ್ಮಿನಿಸ್ಟ್ರೇಟರ್ ಹೆಸರಿಗೆ ಮಾತ್ರ 6ಎ ಬರುತ್ತಿತ್ತು. ಅಂದರೆ ಆ ಹೆಸರಿಗೆ ಉಳಿದಿದ್ದ ಕಾವಲು ಪಾಸ್‌ವರ್ಡ್ ಒಂದೇ. ಲಾಗಿನ್ ಯಾವ ದಾರಿಯಲ್ಲಿ ಬಂತು ಎಂದು ಹೇಳುವ ಲಾಗಾನ್ ಟೈಪ್ 3, ಅಂದರೆ ನೆಟ್‌ವರ್ಕ್, ಎಂದಿತ್ತು. ರಿಮೋಟ್ ಡೆಸ್ಕ್‌ಟಾಪ್ ಎಂದರೆ 10 ಇರಬೇಕಲ್ಲ ಎಂದು ತಲೆ ಕೆಡಿಸಿಕೊಂಡು ಓದಿದಾಗ ಗೊತ್ತಾಯಿತು: ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಷನ್ ಚಾಲೂ ಇದ್ದರೆ ಪರದೆ ತೆರೆಯುವ ಮೊದಲೇ ಪಾಸ್‌ವರ್ಡ್ ಪರೀಕ್ಷೆ ನಡೆಯುತ್ತದೆ, ಹಾಗಾಗಿ ವಿಫಲ ಪ್ರಯತ್ನಗಳು 3 ಎಂದೇ ದಾಖಲಾಗುತ್ತವೆ.

ಆಮೇಲೆ ನಿಜವಾದ ಪ್ರಶ್ನೆ. ಯಾರಾದರೂ ಒಳಗೆ ಬಂದಿದ್ದಾರೆಯೇ? ಲಾಗಿನ್ ಯಶಸ್ವಿಯಾದರೆ 4624 ಬರುತ್ತದೆ. ಅದೇ ಹೊರಗಿನ ಐಪಿಗಳಿಂದ 4624 ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಹೊಸ ಖಾತೆ ತೆರೆದರೆ ಬರುವ 4720 ಇರಲಿಲ್ಲ. ಷೆಡ್ಯೂಲ್ಡ್ ಟಾಸ್ಕ್, ಸರ್ವಿಸ್‌ಗಳಲ್ಲೂ ಹೊಸದೇನೂ ಕಾಣಲಿಲ್ಲ. ಆದರೆ ಸೆಕ್ಯೂರಿಟಿ ಲಾಗ್‌ನ ಗಾತ್ರ ವಿಂಡೋಸ್ ತಾನೇ ಇಟ್ಟುಕೊಳ್ಳುವ 20 ಎಂಬಿಯಲ್ಲೇ ಇತ್ತು. ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಈ ವೇಗದಲ್ಲಿ ಬಡಿಯುತ್ತಿದ್ದರೆ ಲಾಗ್ ತುಂಬುವುದಕ್ಕೆ ಎಷ್ಟು ಹೊತ್ತು? ಅದಕ್ಕಿಂತ ಹಿಂದೆ ಏನಾಗಿತ್ತೋ ಅದನ್ನು ಹೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಮಾಲೀಕರಿಗೆ ತಿಳಿಸಿ ರೌಟರ್‌ನಲ್ಲಿ ಆ ಪೋರ್ಟ್ ಮುಚ್ಚಿಸಿದೆ. ಸಾಫ್ಟ್‌ವೇರ್‌ನವರು ಬರಬೇಕಾದರೆ ವಿಪಿಎನ್ ಎಂಬ ಸುರಕ್ಷಿತ ಖಾಸಗಿ ದಾರಿಯ ಮೂಲಕ ಬರಲಿ ಎಂದು ಮಾಡಿದೆವು. ಬಿಲ್ಟ್-ಇನ್ ಅಡ್ಮಿನಿಸ್ಟ್ರೇಟರ್ ಖಾತೆ ನಿಲ್ಲಿಸಿದೆ, ಉಳಿದ ಖಾತೆಗಳಿಗೆ, ಹಲವು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆ ಮುಚ್ಚುವ ಲಾಕ್‌ಔಟ್ ಹಾಕಿದೆ, ಲಾಗ್‌ನ ಗಾತ್ರ ಹೆಚ್ಚಿಸಿದೆ.

ಆ ವಾರ ನಮ್ಮ ಪಕ್ಕದ ಮನೆಯ ನಿವೃತ್ತ ಸುಬೇದಾರರ ಹತ್ತಿರ ಇದನ್ನೆಲ್ಲ ಹೇಳಿದೆ. ಸೇನೆಯ ಸಿಗ್ನಲ್ಸ್‌ನಲ್ಲಿದ್ದವರು. ಕಂಪ್ಯೂಟರ್ ವಿಷಯ ಅವರಿಗೆ ಅಷ್ಟೇನೂ ಬೇಕಿರಲಿಲ್ಲ. ‘ಡ್ಯೂಟಿ ರಿಜಿಸ್ಟರ್‌ನಲ್ಲಿ ಬರೆದೆಯಾ?’ ಎಂದು ಕೇಳಿದರು. ಎಷ್ಟು ಗಂಟೆಗೆ ನೋಡಿದೆ, ಏನು ನೋಡಿದೆ, ಏನು ಮಾಡಿದೆ, ಯಾರಿಗೆ ಹೇಳಿದೆ. ಮುಂದಿನ ಡ್ಯೂಟಿಯವನು ಓದಿದರೆ ನಿನ್ನನ್ನು ಎಬ್ಬಿಸದೆ ಕೆಲಸ ಮುಂದುವರಿಸುವ ಹಾಗಿರಬೇಕು ಎಂದರು. ಕೊಡಗಿನಲ್ಲಿ ಇಂಥ ಹಿರಿಯರು ಎಷ್ಟು ಮನೆಗಳಲ್ಲಿದ್ದಾರೆ! ಸಾಕ್ ಅನಾಲಿಸ್ಟ್‌ಗೆ ಬೇಕಾದ ಶಿಸ್ತು ಅವರಿಗೆ ಮೈಗೂಡಿದೆ. ಅವರ ಹತ್ತಿರ ಕೂತು ಕೇಳಬೇಕು.

ಅದೇ ಕ್ರಮದಲ್ಲಿ ಎರಡು ಪುಟದ ವರದಿ ಬರೆದೆ. ಮಾಲೀಕರ ಒಪ್ಪಿಗೆ ಕೇಳಿ ಸಂಸ್ಥೆಯ ಹೆಸರು, ಐಪಿ, ಖಾತೆಗಳ ಹೆಸರು ಎಲ್ಲ ತೆಗೆದು ನನಗೆಂದು ಒಂದು ಪ್ರತಿ ಇಟ್ಟುಕೊಂಡೆ. ಅದರಲ್ಲಿ ‘ಯಾರೂ ಒಳಗೆ ಬಂದಿಲ್ಲ’ ಎಂದು ಬರೆಯಲಿಲ್ಲ. ‘ಲಭ್ಯವಿರುವ ಲಾಗ್‌ನಲ್ಲಿ ಯಶಸ್ವಿ ಪ್ರವೇಶ ಕಂಡಿಲ್ಲ, ಅದಕ್ಕಿಂತ ಹಿಂದಿನ ಲಾಗ್ ಉಳಿದಿಲ್ಲ’ ಎಂದು ಬರೆದೆ.

ಕಲಿಕೆಯ ಉಳಿದ ಭಾಗ ಮನೆಯಲ್ಲಿ ನಡೆಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಟವರಿನ ಬ್ಯಾಟರಿ ಮುಗಿದರೆ ನೆಟ್ಟೂ ಹೋಯಿತು. ಆನ್‌ಲೈನ್ ಲ್ಯಾಬ್‌ಗಳನ್ನೇ ನಂಬಿಕೊಂಡರೆ ಮಳೆಗಾಲವೆಲ್ಲ ವ್ಯರ್ಥ. ಹಾಗಾಗಿ ಕುಶಾಲನಗರದಲ್ಲಿ ವೈಫೈ ಸಿಕ್ಕಾಗಲೇ ಬೇಕಾದ್ದನ್ನು ಇಳಿಸಿಕೊಂಡು ಬರುತ್ತಿದ್ದೆ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್, ಒಂದು ಉಬುಂಟು ಲಿನಕ್ಸ್, ವಿಂಡೋಸ್‌ನ ಪ್ರಾಯೋಗಿಕ ಪ್ರತಿ, ವಿಂಡೋಸ್‌ನಲ್ಲಿ ಏನೇನು ಓಡಿತು ಎಂದು ಬರೆದಿಡುವ ಸಿಸ್‌ಮಾನ್, ಅಭ್ಯಾಸಕ್ಕೆಂದೇ ಬಿಟ್ಟಿರುವ ಪ್ಯಾಕೆಟ್ ಕ್ಯಾಪ್ಚರ್ ಫೈಲ್‌ಗಳು, ಅಂದರೆ ನೆಟ್‌ವರ್ಕಿನಲ್ಲಿ ಓಡಾಡಿದ ಡೇಟಾದ ದಾಖಲೆಗಳು. ಆ ಫೈಲ್‌ಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್‌ಗೆ ನೆಟ್ ಬೇಡ, ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ನಡೆಯುತ್ತದೆ. 8 ಜಿಬಿ ರ‍್ಯಾಮ್‌ನಲ್ಲಿ ಎರಡು ಮೆಷಿನ್ ಒಟ್ಟಿಗೆ ಎಬ್ಬಿಸಿದರೆ ಉಸಿರುಗಟ್ಟುತ್ತಿತ್ತು, ಆದ್ದರಿಂದ ಉಬುಂಟುವಿಗೆ ಡೆಸ್ಕ್‌ಟಾಪ್ ಹಾಕದೆ ಬರೀ ಟರ್ಮಿನಲ್‌ನಲ್ಲಿ ಓಡಿಸಿದೆ. ಅದರಿಂದ ಲಿನಕ್ಸ್ ಕಮಾಂಡ್‌ಗಳು ಬೆರಳಿಗೆ ಹತ್ತಿದವು. ವಾಜೂ ಎಂಬ ಉಚಿತ ಸೀಮ್ (ಎಲ್ಲ ಕಂಪ್ಯೂಟರ್‌ಗಳ ಲಾಗ್ ಒಂದೆಡೆ ತಂದು ಅಲರ್ಟ್ ಕೊಡುವ ಸಾಫ್ಟ್‌ವೇರ್) ಅನ್ನು ನಡೆಸಿದ್ದು ರ‍್ಯಾಮ್ ಹೆಚ್ಚಿಸಿಕೊಂಡ ಮೇಲೆ. ವೆಬ್ ದೌರ್ಬಲ್ಯಗಳಿಗೆ ಪೋರ್ಟ್‌ಸ್ವಿಗ್ಗರ್‌ನ ವೆಬ್ ಸೆಕ್ಯೂರಿಟಿ ಅಕಾಡೆಮಿ ಇದೆ, ಪಾಠ ಲ್ಯಾಬ್ ಎಲ್ಲ ಉಚಿತ. ಇದಕ್ಕೆ ಮಾತ್ರ ನೆಟ್ ಬೇಕೇ ಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಕಲಿತದ್ದನ್ನು ಮಡಿಕೇರಿಯ ಯಾವುದೋ ಹೋಂಸ್ಟೇ ವೆಬ್‌ಸೈಟ್ ಮೇಲೆ ಪ್ರಯೋಗ ಮಾಡುವ ಆಸೆ ಬರುತ್ತದೆ. ಬೇಡ. ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್‌ಗೆ ನುಗ್ಗುವುದು 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಅಡಿ ಬರುತ್ತದೆ. ಉದ್ದೇಶ ಅಪ್ರಾಮಾಣಿಕ ಅಥವಾ ವಂಚನೆಯದು ಎಂದಾದರೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮಾಲೀಕರು ನಮ್ಮ ನೆಂಟರೇ ಆಗಿರಲಿ, ಏನು ಪರೀಕ್ಷೆ ಮಾಡುತ್ತೇವೆ ಎಂದು ಬರೆದು ಸಹಿ ಹಾಕಿಸಿಕೊಂಡ ಮೇಲೆಯೇ ಕೈ ಹಾಕಬೇಕು.

ಸರ್ಟಿಫಿಕೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಐಎಸ್‌ಎಸ್‌ಪಿ ಕೊಡುವ ಐಎಸ್‌ಸಿ2 ಸಂಸ್ಥೆಯವರೇ ಹೊಸಬರಿಗೆಂದು ನಡೆಸುವ ಸಿಸಿ ಪರೀಕ್ಷೆ ಬರೆದೆ. ನಾನು ಬರೆದಾಗ ಪಾಠ, ಪರೀಕ್ಷೆ ಎರಡೂ ಉಚಿತ ಇದ್ದವು. ಪಾಸಾದ ಮೇಲೆ ವರ್ಷಕ್ಕೆ 50 ಡಾಲರ್ ಸದಸ್ಯತ್ವ ಶುಲ್ಕ ಮಾತ್ರ. ರೆಸ್ಯೂಮೆ ಮೊದಲ ಜರಡಿ ದಾಟುವುದಕ್ಕೆ ಇಂಥದ್ದೊಂದು ಸಾಕು. ದುಡ್ಡಿದ್ದರೆ ಸೆಕ್ಯೂರಿಟಿ ಪ್ಲಸ್ ಮಾಡಿ. ಸಾಲ ಮಾಡಿ ದುಬಾರಿ ಸರ್ಟಿಫಿಕೇಟ್ ತೆಗೆದುಕೊಳ್ಳುವುದು ಮೊದಲ ಕೆಲಸಕ್ಕೆ ಮುಂಚೆ ಅಗತ್ಯವಿಲ್ಲ. ಅದನ್ನು ಕಂಪನಿ ದುಡ್ಡಿನಲ್ಲಿ ಮಾಡುವ ಕಾಲ ಬರುತ್ತದೆ.

ಬಾಗಿಲು ತೆರೆದದ್ದು ಮಾತ್ರ ಮನುಷ್ಯರ ಮೂಲಕ. ಬೆಂಗಳೂರಿನಲ್ಲಿ ‘ನಲ್’ ಎಂಬ ಮುಕ್ತ ಸಮುದಾಯ ಸೆಕ್ಯೂರಿಟಿ ಸಭೆಗಳನ್ನು ನಡೆಸುತ್ತದೆ, ಪ್ರವೇಶಕ್ಕೆ ದುಡ್ಡಿಲ್ಲ. ರಾತ್ರಿ ಬಸ್ಸಿನಲ್ಲಿ ಹೋಗಿ ಕೂತು ಕೇಳಿಕೊಂಡು ಬರುತ್ತಿದ್ದೆ. ಮೊದಮೊದಲು ಯಾರ ಹತ್ತಿರವೂ ಮಾತಾಡುವ ಧೈರ್ಯ ಇರಲಿಲ್ಲ. ಕೆಲಸ ಕೇಳಲು ಹೋಗದೆ, ಆ 20 ಎಂಬಿ ಲಾಗ್‌ನ ವಿಷಯ ಕೇಳಿದಾಗ ಮಾತು ತಾನಾಗಿ ಬೆಳೆಯಿತು. ಹಾಗೆ ಪರಿಚಯವಾದ ಒಬ್ಬರು ನನ್ನ ವರದಿ ಓದಿ ತಮ್ಮ ಕಂಪನಿಯಲ್ಲಿ ರೆಫರಲ್ ಹಾಕಿದರು.

ಇಂಟರ್‌ವ್ಯೂನಲ್ಲಿ ಮೂಲ ಪ್ರಶ್ನೆಗಳು ಬಂದವು. ಟಿಸಿಪಿ ಹ್ಯಾಂಡ್‌ಶೇಕ್, ಡಿಎನ್‌ಎಸ್, ದಾಳಿ ಕಂಡರೆ ತಿಳಿಸುವ ಐಡಿಎಸ್‌ಗೂ ಅದನ್ನು ತಡೆಯುವ ಐಪಿಎಸ್‌ಗೂ ವ್ಯತ್ಯಾಸ. ಆಮೇಲೆ, ವರ್ಡ್ ಫೈಲ್ ತೆರೆದ ಕೂಡಲೇ ಅದರಿಂದ ವಿಂಡೋಸ್‌ಗೆ ಆಜ್ಞೆ ಕೊಡುವ ಪವರ್‌ಶೆಲ್ ಎದ್ದು, ನೇರವಾಗಿ ಓದಲಾಗದಂತೆ ಎನ್‌ಕೋಡ್ ಆದ ಕಮಾಂಡ್ ಓಡಿದೆ, ಏನು ಮಾಡುತ್ತೀರಿ ಎಂದರು. ಸಿಸ್‌ಮಾನ್‌ನ 1ನೇ ಈವೆಂಟ್‌ನಲ್ಲಿ ಯಾವ ಪ್ರೋಸೆಸ್ ಯಾವುದನ್ನು ಹುಟ್ಟಿಸಿತು ಎಂದು ನೋಡುತ್ತೇನೆ, ಬೇಸ್64 ಎಂಬ ಆ ಎನ್‌ಕೋಡಿಂಗ್ ಬಿಡಿಸಿ ಓದುತ್ತೇನೆ, ಅದರಲ್ಲಿ ಸಿಕ್ಕ ವಿಳಾಸಕ್ಕೆ ಬೇರೆ ಯಾವ ಮೆಷಿನ್ ಹೋಗಿದೆ ಎಂದು ಹುಡುಕುತ್ತೇನೆ ಎಂದೆ. ಇಂಗ್ಲಿಷ್ ನನಗೆ ಸರಾಗ ಇರಲಿಲ್ಲ. ಮನೆಯಲ್ಲಿ ತಂಗಿಯನ್ನು ಎದುರು ಕೂರಿಸಿಕೊಂಡು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ವಿವರಿಸಿ ಅಭ್ಯಾಸ ಮಾಡಿದ್ದೆ. ವಿಷಯ ತಲೆಯಲ್ಲಿ ಸರಿಯಾಗಿ ಕೂತಿದ್ದರೆ ಮುರಿದ ಇಂಗ್ಲಿಷ್ ಯಾರಿಗೂ ಅಡ್ಡಿ ಆಗುವುದಿಲ್ಲ.

ಕೊನೆಗೆ ವರದಿ ಕೈಗೆತ್ತಿಕೊಂಡರು. ಹಿಂದಿನ ಲಾಗ್ ಉಳಿದಿಲ್ಲ ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಯಾಕೆ ಬರೆದಿರಿ, ಬಿಟ್ಟಿದ್ದರೆ ವರದಿ ಚೆನ್ನಾಗಿ ಕಾಣುತ್ತಿತ್ತಲ್ಲ ಎಂದು ಕೇಳಿದರು. ಗೊತ್ತಿಲ್ಲದ್ದನ್ನು ಗೊತ್ತು ಎಂದು ಬರೆದರೆ ಮಾಲೀಕರು ನೆಮ್ಮದಿಯಿಂದ ಮಲಗುತ್ತಾರೆ, ನಾಳೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಅವರ ಸೀಸನ್ನೇ ಹೋಗುತ್ತದೆ ಎಂದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಇಡಬೇಕು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಎಂದಿರುವುದನ್ನೂ ಹೇಳಿದೆ. ಆಮೇಲಿನ ಮಾತುಕತೆ ರಾತ್ರಿ ಪಾಳಿಗೆ ಒಪ್ಪಿಗೆ ಇದೆಯಾ ಎಂಬ ಬಗ್ಗೆ ನಡೆಯಿತು.

ಈಗ ಹೊಸಬರ ಇಂಟರ್‌ವ್ಯೂಗಳಲ್ಲಿ ನಾನೂ ಕೂರುತ್ತೇನೆ. ಒಂದು ಪುಟ ಲಾಗ್ ಕೊಟ್ಟು, ಇದರಲ್ಲಿ ಏನು ಕಾಣುತ್ತಿದೆ, ಏನು ಕಾಣುತ್ತಿಲ್ಲ ಎಂದು ಕೇಳುತ್ತೇನೆ. ಎರಡನೆಯದಕ್ಕೆ ಉತ್ತರಿಸುವವರು ಕಡಿಮೆ. ಕುಶಾಲನಗರ, ಪೊನ್ನಂಪೇಟೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವವರು ಅನುಭವ ಎಲ್ಲಿಂದ ತರುವುದು ಎಂದು ಕೇಳಿದಾಗ, ಹೋಂಸ್ಟೇ ನಡೆಸುವ ಪರಿಚಯದವರ ಹತ್ತಿರ ಹೋಗಿ ಎನ್ನುತ್ತೇನೆ. ಬುಕಿಂಗ್ ಹೆಸರಿನಲ್ಲಿ ಬರುವ ಮೋಸದ ಮೇಲ್‌ಗಳನ್ನು ಅವರು ಕೇಳಿದರೆ ಕೊಡುತ್ತಾರೆ. ಮೇಲ್ ಸಾಗಿ ಬಂದ ದಾರಿ ಬರೆದಿರುವ ಹೆಡರ್ ತೆಗೆದು, ಕಳಿಸಿದ ವಿಳಾಸ ಅಸಲಿಯೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಏನು ಹೇಳುತ್ತಿವೆ, ಮೇಲ್ ಯಾವ ಸರ್ವರ್‌ನಿಂದ ಹೊರಟಿದೆ, ಲಿಂಕ್ ಎಲ್ಲಿಗೆ ಒಯ್ಯುತ್ತದೆ ಎಂದು ಒಂದು ಪುಟ ಬರೆಯಿರಿ. ಅವರ ದುಡ್ಡು ಆಗಲೇ ಹೋಗಿದ್ದರೆ, ಬರೆಯುವುದನ್ನು ಆಮೇಲೆ ಇಟ್ಟುಕೊಂಡು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.