ಅನುಮಾನಕ್ಕೆ ಎರಡು ಇಂಗ್ಲಿಷ್ ಪದ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ಕೆಲಸ ಮಾಡುತ್ತೇನೆ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಆಮೇಲೆ ಡಿಪ್ಲೊಮಾ. ಮೆಷಿನ್ ಬಿಚ್ಚಿ ಜೋಡಿಸೋದು ಯಾವತ್ತೂ ಕಷ್ಟ ಅನ್ನಿಸಲಿಲ್ಲ. ಕಷ್ಟ ಆಗುತ್ತಿದ್ದದ್ದು ಪಾಳಿ ಮುಗಿದ ಮೇಲೆ ಲಾಗ್ ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವಾಗ.

ಒಂದು ರಾತ್ರಿ ಹೈಡ್ರಾಲಿಕ್ ಪ್ರೆಸ್ಸಿನ ಸಿಲಿಂಡರ್ ಕೆಳಗೆ ಎಣ್ಣೆ ಜಿನುಗಿತ್ತು. ಎಣ್ಣೆ ಹೊರಬರದಂತೆ ತಡೆಯುವ ಸೀಲ್ ಹೋಗಿರಬೇಕು ಅಂತ ನನಗೆ ಅನುಮಾನ ಬಂತು. ಹಾಗೇ ಬರೆದೆ: ‘ಐ ಡೌಟ್ ದಟ್ ದಿ ಸೀಲ್ ಈಸ್ ಲೀಕಿಂಗ್.’ ಬೆಳಗಿನ ಪಾಳಿಯ ಎಂಜಿನಿಯರ್ ಹೊರ ರಾಜ್ಯದವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು. ಅದನ್ನು ಓದಿ, ಸೀಲ್‌ನಲ್ಲಿ ತೊಂದರೆ ಇಲ್ಲ ಅಂದುಕೊಂಡು ಪ್ರೆಸ್ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ಪ್ರೆಷರ್ ಇಳಿದು ಮೆಷಿನ್ ನಿಂತಿತು. ನೆಲದ ತುಂಬ ಎಣ್ಣೆ. ಸಂಜೆ ಅವರು ಬುಕ್ ತೆರೆದು ಅದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ನಾನು ಬರೆದದ್ದು ನನ್ನ ಮನಸ್ಸಿನಲ್ಲಿದ್ದದ್ದಕ್ಕೆ ಪೂರ್ತಿ ಉಲ್ಟಾ ಆಗಿತ್ತು.

ಡೌಟ್ ಅಂದರೆ ‘ಹಾಗಿರಲಿಕ್ಕಿಲ್ಲ’. ‘ಹಾಗಿರಬೇಕು’ ಅನ್ನೋದಕ್ಕೆ ಬೇಕಾದದ್ದು ಸಸ್ಪೆಕ್ಟ್. ನಮ್ಮ ಅನುಮಾನ ಎರಡು ಕಡೆಗೂ ಹೋಗುತ್ತದೆ. ‘ಅವನು ಬರೋದು ಅನುಮಾನ’ ಅಂದರೆ ಬರಲಿಕ್ಕಿಲ್ಲ. ‘ಅವನೇ ತಗೊಂಡಿರಬೇಕು ಅಂತ ಅನುಮಾನ’ ಅಂದರೆ ತಗೊಂಡೇ ಇದ್ದಾನೆ ಅನ್ನಿಸುತ್ತಿದೆ. ಕನ್ನಡದಲ್ಲಿ ಯಾರಿಗೂ ಗೊಂದಲ ಆಗಲ್ಲ, ಯಾಕಂದರೆ ಯಾವ ಕಡೆ ಅನ್ನೋದನ್ನು ‘ಇರಬೇಕು’ ಅನ್ನೋ ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಪದದ ಆಯ್ಕೆಯೇ ಮಾಡಬೇಕು. ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲಿ ಡೌಟ್‌ಗೂ ‘ಹೀಗಿರಬೇಕು’ ಅನ್ನೋ ಅರ್ಥ ಇತ್ತಂತೆ. ಅದು ಗೊತ್ತಾದಾಗ ಮನಸ್ಸಿಗೆ ಸ್ವಲ್ಪ ಸಮಾಧಾನ ಆಯಿತು. ಆದರೆ ಇವತ್ತಿನ ರಿಪೋರ್ಟ್ ಓದುವವರು ಆ ಅರ್ಥ ತೆಗೆದುಕೊಳ್ಳಲ್ಲ ಅಲ್ವಾ.

ಅವತ್ತೇ ಒಂದು ನೂರು ಪುಟದ ನೋಟ್ ಬುಕ್ ತಂದೆ. ಶಾಲೆಯಲ್ಲಿ ಹೀಗೆ ಗೊಂದಲ ಮಾಡುವ ಇಂಗ್ಲಿಷ್ ಪದಗಳ ಜೋಡಿಗಳನ್ನು ಬಾಯಿಪಾಠ ಮಾಡಿದ್ದೆವು. ಪರೀಕ್ಷೆಗೆ ಅದು ಸಾಕಾಗಿತ್ತು. ಬರೆಯಲು ಕೂತಾಗ ಮಾತ್ರ ನನಗೆ ಮೊದಲು ಹೊಳೆಯುವುದು ಕನ್ನಡ ಪದ. ಹಾಗಾಗಿ ನೋಟ್ ಬುಕ್ಕಿನಲ್ಲಿ ಪುಟದ ತಲೆಯಲ್ಲಿ ಕನ್ನಡ ಪದ ಬರೆದೆ. ಅದರ ಕೆಳಗೆ, ಆ ಪದ ಎಲ್ಲೆಲ್ಲಿ ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುತ್ತದೋ ಅದನ್ನು ಬರೆದೆ. ಪ್ರತಿಯೊಂದಕ್ಕೂ ನಮ್ಮ ಶಾಪ್ ಫ್ಲೋರಿನದೇ ಒಂದು ವಾಕ್ಯ. ಇಂಗ್ಲಿಷ್-ಕನ್ನಡ ಡಿಕ್ಷನರಿಯಲ್ಲಿ ಎಷ್ಟೋ ಸಲ ಎರಡಕ್ಕೂ ಒಂದೇ ಅರ್ಥ ಕೊಟ್ಟಿರುತ್ತಾರೆ. ಆದ್ದರಿಂದ ಉದಾಹರಣೆ ವಾಕ್ಯ ಇರುವ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿಯನ್ನೇ ನೋಡುತ್ತೇನೆ.

‘ನಿಖರ’ ಅನ್ನೋ ಪುಟ ತುಂಬಲು ಒಂದು ವಾರ ಹಿಡಿಯಿತು. ಪ್ರಿಸೈಸ್ ಅಂದರೂ ನಿಖರ, ಆಕ್ಯುರೇಟ್ ಅಂದರೂ ನಿಖರ. ಕೊನೆಗೆ 25 ಮಿಲಿಮೀಟರ್ ಸ್ಲಿಪ್ ಗೇಜ್ (ಕರಾರುವಾಕ್ಕಾಗಿ ಅಷ್ಟೇ ಅಳತೆಗೆ ಮಾಡಿದ ತುಂಡು) ತಗೊಂಡು, ಎರಡು ಬಾಯಿಗಳ ನಡುವೆ ಹಿಡಿದು ಅಳೆಯುವ ಒಂದು ಹಳೇ ವರ್ನಿಯರ್‌ನಲ್ಲಿ ಮೂರು ಸಲ ಅಳೆದೆ. 25.12, 25.12, 25.12. ಮೂರು ಸಲವೂ ಒಂದೇ ಅಳತೆ, ಅಂದರೆ ಪ್ರಿಸೈಸ್. ಆದರೆ ನಿಜವಾದ ಅಳತೆ ಅದಲ್ಲ, ಅಂದರೆ ಆಕ್ಯುರೇಟ್ ಅಲ್ಲ. ವರ್ನಿಯರ್ ಬಾಯಿ ಮುಚ್ಚಿ ನೋಡಿದರೆ ಸೊನ್ನೆ ಇರಬೇಕಾದ ಕಡೆ 0.12 ತೋರಿಸುತ್ತಿತ್ತು. ಅಷ್ಟನ್ನು ಕಳೆದರೆ ಆಯಿತು. ಇನ್ನೊಂದು ವರ್ನಿಯರ್ ಒಮ್ಮೆ 24.94, ಒಮ್ಮೆ 25.06, ಮತ್ತೊಮ್ಮೆ 25.00 ತೋರಿಸಿತು. ಇದು ಪ್ರಿಸೈಸ್ ಅಲ್ಲ, ಇದಕ್ಕೆ ಕಳೆಯುವ ಲೆಕ್ಕ ನಡೆಯಲ್ಲ. ಜಾರುವ ಬಾಯಿ ಸಡಿಲ ಆಗಿದೆಯಾ, ಅಥವಾ ನಾನೇ ಒಂದೊಂದು ಸಲ ಒಂದೊಂದು ಥರ ಒತ್ತುತ್ತಿದ್ದೇನಾ ಅಂತ ನೋಡಬೇಕು. ರಿಪೋರ್ಟಿನಲ್ಲಿ ಯಾವ ಪದ ಬರೆಯುತ್ತೇನೆ ಅನ್ನೋದರ ಮೇಲೆ ಟೂಲ್ ರೂಮಿನವರು ಮಾಡುವ ಕೆಲಸವೇ ಬದಲಾಗುತ್ತದೆ.

ಬೇರೆ ಪುಟಗಳು ಬೇಗ ತುಂಬಿದವು. ಸ್ಪ್ಯಾನರ್ ಕಡ ಕೊಟ್ಟರೆ ಲೆಂಡ್, ಕಡ ತಗೊಂಡರೆ ಬಾರೋ. ಹೆಲ್ಮೆಟ್ ಹಾಕೋದು ಸೇಫ್ಟಿ, ಗೇಟಿನಲ್ಲಿ ಬ್ಯಾಗ್ ತೆರೆಸಿ ನೋಡೋದು ಸೆಕ್ಯೂರಿಟಿ. ಅಪಘಾತದಿಂದ ಕಾಪಾಡೋದು ಮೊದಲನೆಯದು, ಬೇಕಂತಲೇ ಕೇಡು ಮಾಡುವವರಿಂದ ಕಾಪಾಡೋದು ಎರಡನೆಯದು.

ಒಂದು ಜೋಡಿಯ ಪುಟಕ್ಕೆ ಮಾತ್ರ ಕೆಂಪು ಶಾಯಿಯಲ್ಲಿ ಗೆರೆ ಹಾಕಿದ್ದೇನೆ. ಫ್ಲೇಮಬಲ್, ಇನ್‌ಫ್ಲೇಮಬಲ್. ಎರಡರ ಅರ್ಥವೂ ಬೇಗ ಬೆಂಕಿ ಹತ್ತಿಕೊಳ್ಳುವಂಥದ್ದು. ವಿಸಿಬಲ್, ಇನ್‌ವಿಸಿಬಲ್ ಥರ ಇದನ್ನೂ ವಿರುದ್ಧಪದ ಅಂದುಕೊಂಡರೆ ಹಾಗೆ ಬರೆದಿರುವ ಡ್ರಮ್ ಪಕ್ಕದಲ್ಲೇ ವೆಲ್ಡಿಂಗ್ ಮಾಡಲು ಹೋಗುತ್ತಾರೆ. ನಮ್ಮ ಟ್ಯಾಂಕರ್ ಲಾರಿಗಳ ಹಿಂದೆ ಇವತ್ತಿಗೂ ದಪ್ಪ ಅಕ್ಷರದಲ್ಲಿ ಇನ್‌ಫ್ಲೇಮಬಲ್ ಅಂತಲೇ ಇರುತ್ತದೆ. ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಹೇಳಿಕೊಡೋದು ಈ ಪದವನ್ನೇ. ನಾನು ಬರೆಯುವಾಗ ಫ್ಲೇಮಬಲ್ ಮಾತ್ರ ಬಳಸುತ್ತೇನೆ. ಬೆಂಕಿ ಹತ್ತದೇ ಇರುವುದಕ್ಕೆ ನಾನ್-ಫ್ಲೇಮಬಲ್.

ನೋಟ್ ಬುಕ್ ಬರೆಯುತ್ತಾ ಇನ್ನೊಂದು ಅಭ್ಯಾಸವೂ ಬಂತು. ನನಗೆ ಅನ್ನಿಸಿದ್ದನ್ನು ಬರೆಯುವ ಮೊದಲು ಕಣ್ಣಿಗೆ ಕಂಡದ್ದನ್ನು ಬರೆಯುತ್ತೇನೆ. ಮೊದಲ ವಾಕ್ಯದಲ್ಲಿ ಸಿಲಿಂಡರ್ ಕೆಳಗೆ ಎಣ್ಣೆ ಇದೆ ಅಂತ. ಎರಡನೇ ವಾಕ್ಯದಲ್ಲಿ ‘ಐ ಸಸ್ಪೆಕ್ಟ್ ಎ ಸೀಲ್ ಲೀಕ್’. ಪದ ಅಕಸ್ಮಾತ್ ತಪ್ಪಿದರೂ ಮೊದಲ ವಾಕ್ಯ ಓದಿದವರು ಒಮ್ಮೆ ಬಗ್ಗಿ ನೋಡಿಯೇ ನೋಡುತ್ತಾರೆ.

ಆ ಎಂಜಿನಿಯರ್ ಈಗ ನನ್ನ ಹತ್ತಿರ ಕನ್ನಡ ಕಲಿಯುತ್ತಿದ್ದಾರೆ. ಹೋದ ವಾರ ‘ಬೆಲ್ಟ್ ಒಡೆದಿದೆ’ ಅಂದರು. ಇಂಗ್ಲಿಷಿನ ಬ್ರೇಕ್ ಒಂದೇ ಪದ, ನಮ್ಮಲ್ಲಿ ಗಾಜು ಒಡೆಯುತ್ತದೆ, ಶಾಫ್ಟ್ ಮುರಿಯುತ್ತದೆ, ಬೆಲ್ಟ್ ಹರಿಯುತ್ತದೆ ಅಂತ ಹೇಳಿದೆ. ಅವರು ಜೇಬಿನಿಂದ ಪೆನ್ ತೆಗೆದು, ಬರೆದುಕೊಳ್ಳಲು ನನ್ನ ನೋಟ್ ಬುಕ್ಕಿನಲ್ಲೇ ಒಂದು ಹಾಳೆ ಕೇಳಿದರು.