ಆ ಲೆಕ್ಕ ಬೇರೆ, ಈ ಲೆಕ್ಕ ಬೇರೆ: ಮನೆ ಮನೆ ಸರ್ವೆಯ ಅನುಭವ

2024ರ ಲೋಕಸಭೆ ಚುನಾವಣೆ ಮುಗಿದ ಮೇಲೆ ಮಾಗಡಿ ಕಡೆಯ ಹಳ್ಳಿಗಳಲ್ಲಿ ಸರ್ವೆ ಮಾಡಿದೆ. ಹಿಂದಿನ ವರ್ಷ ವಿಧಾನಸಭೆಗೆ ಕಾಂಗ್ರೆಸ್‌ಗೆ ಹಾಕಿ, ಈ ಸಲ ಬಿಜೆಪಿಗೆ ಹಾಕಿದವರನ್ನು ಮಾತಾಡಿಸುವುದು ನನ್ನ ಕೆಲಸ. ಮಾಗಡಿ ಸೇರಿರುವ ಬೆಂಗಳೂರು ಗ್ರಾಮಾಂತರ ಅದಕ್ಕೆ ಹೇಳಿ ಮಾಡಿಸಿದ ಲೋಕಸಭಾ ಕ್ಷೇತ್ರ. 2023ರಲ್ಲಿ ಅದರ 8 ವಿಧಾನಸಭಾ ಕ್ಷೇತ್ರಗಳಲ್ಲಿ 5 ಕಾಂಗ್ರೆಸ್ ಪಾಲಾಗಿದ್ದವು. ಮರುವರ್ಷ ಬಿಜೆಪಿಯಿಂದ ನಿಂತ, ಹಿಂದೆ ಜಯದೇವ ಹೃದ್ರೋಗ ಆಸ್ಪತ್ರೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್, ಕಾಂಗ್ರೆಸ್‌ನ ಡಿ.ಕೆ. ಸುರೇಶ್ ಅವರನ್ನು ಎರಡೂವರೆ ಲಕ್ಷಕ್ಕೂ ಜಾಸ್ತಿ ಮತಗಳಿಂದ ಸೋಲಿಸಿದರು. ಬಿಜೆಪಿ ಜೊತೆ ಜೆಡಿಎಸ್ ಸೇರಿದ್ದು ಒಂದು ಕಾರಣ. ಅದೊಂದೇ ಅಲ್ಲ.

ಮೊದಲ ಎರಡು ದಿನ ನೇರವಾಗಿ ‘ಯಾರಿಗೆ ಹಾಕಿದ್ರಿ?’ ಅಂತ ಕೇಳಿದೆ. ‘ಅದೆಲ್ಲ ಹೇಳೋದಲ್ಲ ಬಿಡಣ್ಣ’ ಅನ್ನುತ್ತಿದ್ದರು. ಇಲ್ಲ, ಸುಮ್ನೆ ಗೆದ್ದವರ ಹೆಸರು ಹೇಳುತ್ತಿದ್ದರು. ಆಮೇಲೆ ದಾರಿ ಬದಲಿಸಿದೆ. ಮೊದಲು ಮತದಾನದ ದಿನದ ಮಾತು: ಬೂತಿಗೆ ಯಾರ ಜೊತೆ ಹೋದ್ರಿ, ಬಿಸಿಲಿತ್ತಾ, ಕ್ಯೂ ಎಷ್ಟುದ್ದ ಇತ್ತು. ನೆನಪು ತೆರೆದುಕೊಂಡ ಮೇಲೆ ಚಿಹ್ನೆಗಳಿರುವ ಚೀಟಿ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಕ್ಕೆ ಹಾಕಿ ಅಂತಿದ್ದೆ. ಹೆಂಗಸರನ್ನು ಗಂಡಸರಿಲ್ಲದ ಹೊತ್ತಲ್ಲೇ ಮಾತಾಡಿಸಬೇಕು. ಮನೆ ಯಜಮಾನ ಜಗುಲಿ ಮೇಲೆ ಕೂತಿದ್ದರೆ ಇಡೀ ಮನೆಗೆ ಒಂದೇ ಉತ್ತರ.

ಒಬ್ಬ ಅಮ್ಮ ಹೇಳಿದ ಮಾತು ನನ್ನ ಕೆಲಸವನ್ನೇ ತಿದ್ದಿತು. ‘ಕಾಂಗ್ರೆಸ್‌ನೋರು ತಿಂಗಳಿಗೆ ಎರಡು ಸಾವಿರ ಕೊಡ್ತೀವಿ ಅಂದ್ರು, ಹಾಕ್ದೆ, ಕೊಟ್ರು. ಆ ಲೆಕ್ಕ ಮುಗೀತು. ಜಯದೇವದಲ್ಲಿ ನಮ್ಮೆಜಮಾನ್ರು ಉಳ್ಕೊಂಡ್ರಲ್ಲ, ಆ ಲೆಕ್ಕ ಬಾಕಿ ಇತ್ತು.’ ಇಂಥವರ ಮುಂದೆ ಅಲ್ಲಿವರೆಗೂ ನಾನು ‘ಅಸ್ಥಿರ’ ಅಂತ ಬರೆಯುತ್ತಿದ್ದೆ. ಅದು ತಪ್ಪು. ಅವರ ಲೆಕ್ಕ ಗಟ್ಟಿಯಾಗಿಯೇ ಇತ್ತು. ನನ್ನ ಫಾರಂನಲ್ಲಿ ಕಾರಣಕ್ಕೆ ಒಂದೇ ಕಾಲಂ ಇತ್ತು, ಅಷ್ಟೇ. ಅವತ್ತೇ ಎರಡು ಮಾಡಿದೆ: ರಾಜ್ಯಕ್ಕೆ ಒಂದು, ದಿಲ್ಲಿಗೆ ಒಂದು. ಮತದಾರರನ್ನು ಪ್ರಗತಿಪರರು, ಸಂಪ್ರದಾಯವಾದಿಗಳು ಅಂತ ವಿಂಗಡಿಸುವುದುಂಟು; ಆ ಮಾತು ಒಂದು ಮನೆಯಲ್ಲೂ ಕೇಳಲಿಲ್ಲ.

ರಾಜ್ಯಕ್ಕೊಂದು, ದಿಲ್ಲಿಗೊಂದು ಲೆಕ್ಕ ಇಡುವುದು ನಮ್ಮಲ್ಲಿ ಹಳೆಯ ರೂಢಿ ಅಲ್ವಾ? 1984ರ ಡಿಸೆಂಬರಿನಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್‌ಗೆ. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನ.

2024ರ ನವೆಂಬರಿನಲ್ಲಿ ಇದೇ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ ಚನ್ನಪಟ್ಟಣದಲ್ಲಿ ವಿಧಾನಸಭೆ ಉಪಚುನಾವಣೆ ಬಂತು. ಹಿಂದಿನ ವರ್ಷ ಅಲ್ಲೇ ಬಿಜೆಪಿಯಿಂದ ನಿಂತು ಸೋತಿದ್ದ ಸಿ.ಪಿ. ಯೋಗೇಶ್ವರ್ ಆ ಸಲ ಕಾಂಗ್ರೆಸ್‌ನಿಂದ ನಿಂತು ಗೆದ್ದರು. ಎರಡು ಸಲವೂ ಅವರಿಗೇ ಹಾಕಿದವರನ್ನು ಪಕ್ಷ ಬದಲಿಸಿದವರು ಅನ್ನಬೇಕೋ, ನಿಂತಲ್ಲೇ ನಿಂತವರು ಅನ್ನಬೇಕೋ? ಫಾರಂಗೆ ಮೂರನೇ ಕಾಲಂ ಸೇರಿಸಿದ್ದೇನೆ: ಪಕ್ಷ ನೋಡಿ ಹಾಕಿದ್ರೋ, ಆಳು ನೋಡಿ ಹಾಕಿದ್ರೋ.