ಅರ್ಧಕ್ಕೆ ನಿಂತ ಕೋಡ್ ಎತ್ತಿಡಲು ಗಿಟ್ ಸ್ಟ್ಯಾಶ್

ಲಾಗಿನ್ ಪುಟದ ಕೆಲಸ ಅರ್ಧದಲ್ಲಿದೆ, ಅಷ್ಟರಲ್ಲಿ ಮೇನ್ ಬ್ರಾಂಚಿನಲ್ಲಿ (ಕೋಡಿನ ಮುಖ್ಯ ಕವಲಿನಲ್ಲಿ) ತುರ್ತಾಗಿ ಬಗ್ ಸರಿಪಡಿಸಬೇಕು. ನೀವು ತಿದ್ದಿದ ಫೈಲು ಎರಡು ಬ್ರಾಂಚಿನಲ್ಲೂ ಬೇರೆ ಬೇರೆಯಾಗಿದ್ದರೆ ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಆ ಬ್ರಾಂಚಿಗೆ ದಾಟಲು ಬಿಡುವುದಿಲ್ಲ. ಒಂದೇ ಆಗಿದ್ದರೆ ಬಿಡುತ್ತದೆ, ಆದರೆ ಅರೆಬರೆ ಕೋಡೂ ಬೆನ್ನು ಹತ್ತಿ ಬರುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ಇದಕ್ಕೆ ಪರಿಹಾರ ಸ್ಟ್ಯಾಶ್: ಇನ್ನೂ ಕಮಿಟ್ ಮಾಡದ, ಅಂದರೆ ಗಿಟ್‌ನಲ್ಲಿ ದಾಖಲಿಸದ, ಬದಲಾವಣೆಗಳನ್ನು ತಾತ್ಕಾಲಿಕವಾಗಿ ಎತ್ತಿಡುವುದು. ಮೊದಲು ಗಿಟ್ ಸ್ಟೇಟಸ್ ಕೊಟ್ಟು ಏನೇನು ಬದಲಾಗಿದೆ ನೋಡಿಕೊಂಡು, ಟರ್ಮಿನಲ್ಲಿನಲ್ಲಿ ಹೀಗೆ ಕೊಡಿ:

ಗಿಟ್ ಸ್ಟ್ಯಾಶ್ ಪುಶ್ -ಯು -ಎಮ್ "ಲಾಗಿನ್ ಫಾರ್ಮ್, ಒಟಿಪಿ ಬಾಕಿ"

ಹೆಚ್ಚಿನವರು ಎಡವುವುದು -ಯು ಮರೆತು. ಅದಿಲ್ಲದಿದ್ದರೆ, ಇನ್ನೂ ಗಿಟ್ ಆಡ್ ಮಾಡದ ಹೊಸ ಫೈಲುಗಳು ಫೋಲ್ಡರಿನಲ್ಲೇ ಉಳಿದು, ಬಗ್ ಫಿಕ್ಸ್ ಕಮಿಟ್ ಒಳಗೆ ಸೇರಿಬಿಡಬಹುದು. -ಎ ಕೊಟ್ಟರೆ ಗಿಟ್‌ಇಗ್ನೋರ್‌ನಲ್ಲಿರುವ (ಗಿಟ್ ಕಡೆಗಣಿಸಬೇಕಾದವುಗಳ ಪಟ್ಟಿಯಲ್ಲಿರುವ) ಬಿಲ್ಡ್ ಫೈಲು, ನೋಡ್ ಮಾಡ್ಯೂಲ್ಸ್ ಎಲ್ಲ ಎತ್ತಿಕೊಂಡು ಹೋಗುತ್ತದೆ, ಬೇಡ. ಇನ್ನು -ಎಮ್ ಜೊತೆಗಿನ ಸಾಲು: ಅದಿಲ್ಲದೆ ಮೂರು ಸ್ಟ್ಯಾಶ್ ಆದರೆ ಯಾವುದರಲ್ಲಿ ಏನಿದೆ ಎಂದು ಹೊಳೆಯುವುದಿಲ್ಲ.

ಬಗ್ ಮುಗಿಸಿ ನಿಮ್ಮ ಬ್ರಾಂಚಿಗೆ ಮರಳಿದ ಮೇಲೆ ಗಿಟ್ ಸ್ಟ್ಯಾಶ್ ಲಿಸ್ಟ್ ಕೊಡಿ. ಅದರಲ್ಲಿ ಪ್ರತಿ ಸ್ಟ್ಯಾಶಿಗೂ ಒಂದು ಸಂಖ್ಯೆ ಇರುತ್ತದೆ; ಸೊನ್ನೆ ಅಂದರೆ ತೀರಾ ಈಚಿನದು. ನಡುವಿನದೊಂದನ್ನು ಅಳಿಸಿದರೆ ಅದಕ್ಕಿಂತ ಹಳೆಯವುಗಳ ಸಂಖ್ಯೆ ಒಂದೊಂದು ಇಳಿಯುತ್ತದೆ, ಆದ್ದರಿಂದ ಪ್ರತಿ ಸಲ ಲಿಸ್ಟ್ ನೋಡಿಯೇ ಮುಂದುವರಿಯಿರಿ. ಪಾಪ್ ಬದಲಾವಣೆಗಳನ್ನು ಮರಳಿಸಿ ಸ್ಟ್ಯಾಶನ್ನು ಅಳಿಸುತ್ತದೆ, ಅಪ್ಲೈ ಉಳಿಸಿಕೊಳ್ಳುತ್ತದೆ. ಅಪ್ಲೈ ಮಾಡಿ, ಕೋಡ್ ಓಡಿಸಿ ನೋಡಿ, ಆಮೇಲೆ ಡ್ರಾಪ್ ಮಾಡುವುದೇ (ಸ್ಟ್ಯಾಶ್ ಅಳಿಸುವುದೇ) ಕ್ಷೇಮ. ಸ್ಟೇಜ್ ಮಾಡಿದ್ದವು (ಗಿಟ್ ಆಡ್ ಕೊಟ್ಟು ಕಮಿಟ್‌ಗೆ ಸಿದ್ಧ ಮಾಡಿದ್ದವು) ಸ್ಟೇಜ್ ಆಗಿಯೇ ಮರಳಬೇಕಿದ್ದರೆ --ಇಂಡೆಕ್ಸ್ ಸೇರಿಸಿ.

ಪಾಪ್ ಮಾಡುವಾಗ ಕಾನ್‌ಫ್ಲಿಕ್ಟ್ (ಒಂದೇ ಜಾಗದ ಎರಡು ಬದಲಾವಣೆಗಳ ಘರ್ಷಣೆ) ಬಂದರೆ ಗಿಟ್ ಸ್ಟ್ಯಾಶನ್ನು ಅಳಿಸುವುದಿಲ್ಲ. ಮತ್ತೆ ಪಾಪ್ ಒತ್ತಬೇಡಿ. ಫೈಲು ತಿದ್ದಿ, ಗಿಟ್ ಆಡ್ ಮಾಡಿ, ನೀವೇ ಡ್ರಾಪ್ ಮಾಡಿ. ಬ್ರಾಂಚ್ ಬಹಳ ಮುಂದೆ ಹೋಗಿ ಕಾನ್‌ಫ್ಲಿಕ್ಟ್ ವಿಪರೀತವಾಗುವಂತಿದ್ದರೆ, ಅಪ್ಲೈ ಮಾಡುವ ಮೊದಲೇ ಗಿಟ್ ಸ್ಟ್ಯಾಶ್ ಬ್ರಾಂಚ್ ಎಂದು ಬರೆದು ಮುಂದೆ ಹೊಸ ಹೆಸರೊಂದನ್ನು ಕೊಡಿ. ಸ್ಟ್ಯಾಶ್ ಮಾಡಿದಾಗಿನ ಕಮಿಟ್ ಮೇಲೆಯೇ ಬ್ರಾಂಚ್ ಹುಟ್ಟುವುದರಿಂದ ಎಲ್ಲವೂ ತಕರಾರಿಲ್ಲದೆ ಕೂರುತ್ತದೆ.

ತಪ್ಪಿ ಡ್ರಾಪ್ ಆಯಿತೇ? ಆ ಕ್ಷಣ ಟರ್ಮಿನಲ್ಲಿನಲ್ಲಿ ಕಾಣಿಸಿದ ಉದ್ದನೆಯ ಹ್ಯಾಶ್ (ಆ ಸ್ಟ್ಯಾಶಿನ ಗುರುತಿನ ಸಂಕೇತ) ನಕಲು ಮಾಡಿ, ಗಿಟ್ ಸ್ಟ್ಯಾಶ್ ಅಪ್ಲೈ ಮುಂದೆ ಅಂಟಿಸಿ. ಟರ್ಮಿನಲ್ ಮುಚ್ಚಿದ್ದರೆ ಗಿಟ್ ಎಫ್‌ಎಸ್‌ಸಿಕೆ --ಅನ್‌ರೀಚಬಲ್ (ಯಾವುದಕ್ಕೂ ಕೊಂಡಿಯಿಲ್ಲದೆ ಉಳಿದವನ್ನು ತೋರಿಸುವ ಆಜ್ಞೆ) ಕೊಟ್ಟು, ಸಿಕ್ಕ ಕಮಿಟ್‌ಗಳಲ್ಲಿ ನಿಮ್ಮ ಸಂದೇಶವಿರುವುದನ್ನು ಗಿಟ್ ಶೋ ಮೂಲಕ ಹುಡುಕಿ. ತಡ ಮಾಡಬೇಡಿ; ಎರಡು ವಾರ ದಾಟಿದ ಇಂಥ ಕಮಿಟ್‌ಗಳನ್ನು ಗಿಟ್‌ನ ಕಸ ಗುಡಿಸುವ ಕೆಲಸ ತೆಗೆದುಹಾಕಬಹುದು.

ಗಿಟ್ ಪುಶ್ ಮಾಡಿದರೂ ಸ್ಟ್ಯಾಶ್ ಸರ್ವರಿಗೆ ಹೋಗುವುದಿಲ್ಲ. ಲ್ಯಾಪ್‌ಟಾಪ್ ಕೆಟ್ಟರೆ ಅದೂ ಹೋಯಿತು. ನಾಳೆಗೂ ಬಾಕಿ ಉಳಿಯುವ ಕೆಲಸವಾದರೆ ಬೇರೆ ಬ್ರಾಂಚಿನಲ್ಲಿ "ಅಪೂರ್ಣ" ಎಂದು ಕಮಿಟ್ ಮಾಡಿ ಪುಶ್ ಮಾಡಿಬಿಡಿ.